ಫರ್ಟಿಲಿಟಿ ಸೆಂಟರ್: ಚಿಕಿತ್ಸೆ, ವೆಚ್ಚ, ಆಯ್ಕೆ

ಮಕ್ಕಳಾಗದ ದಂಪತಿಗೆ ತಪಾಸಣೆ, ಔಷಧೋಪಚಾರ, ಶಸ್ತ್ರಚಿಕಿತ್ಸೆ ಮತ್ತು ಕೃತಕ ಗರ್ಭಧಾರಣೆಯ ಸೌಲಭ್ಯ ಒದಗಿಸುವ ವೈದ್ಯಕೀಯ ಸಂಸ್ಥೆ. ಬಂಜೆತನ ನಿವಾರಣಾ ಕೇಂದ್ರ, ಸಂತಾನ ಚಿಕಿತ್ಸಾಲಯ ಎಂದೆಲ್ಲ ಫಲಕದಲ್ಲಿ ಬರೆದಿದ್ದರೂ ಜನ ಕರೆಯುವುದು ಫರ್ಟಿಲಿಟಿ ಸೆಂಟರ್ ಎಂದೋ ಐವಿಎಫ್ ಆಸ್ಪತ್ರೆ ಎಂದೋ. ಗರ್ಭನಿರೋಧಕ ಬಳಸದೆ ಒಂದು ವರ್ಷ ಸಂಸಾರ ನಡೆಸಿದರೂ ಗರ್ಭ ನಿಲ್ಲದಿದ್ದರೆ ಅದನ್ನು ಬಂಜೆತನವೆಂದು ವೈದ್ಯಶಾಸ್ತ್ರ ಎಣಿಸುತ್ತದೆ. ಸಹಾಯಕ ಸಂತಾನೋತ್ಪತ್ತಿ ಕುರಿತ ಭಾರತದ 2021ರ ಕಾನೂನು ಕೂಡ ಈ ಒಂದು ವರ್ಷದ ಅಳತೆಯನ್ನೇ ಒಪ್ಪಿದೆ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ವೈದ್ಯರನ್ನು ಕಾಣಬೇಕು, 40 ದಾಟಿದ್ದರೆ ಕಾಯಲೇಬಾರದು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ವರದಿಯ ಪ್ರಕಾರ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರಿಗೆ ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಈ ತೊಂದರೆ ಎದುರಾಗುತ್ತದೆ.

ಈ ಚಿಕಿತ್ಸೆಯಲ್ಲಿ ದಂಪತಿ ಲಕ್ಷಗಟ್ಟಲೆ ಕೊಟ್ಟು ಪಡೆಯುವುದು ಒಂದು ಸಾಧ್ಯತೆಯನ್ನು. ಆ ಸಾಧ್ಯತೆ ಯಾವ ಆಸ್ಪತ್ರೆಯಲ್ಲಿ ಎಷ್ಟಿದೆ ಎಂದು ಹೋಲಿಸಿ ನೋಡಲು ಭಾರತದಲ್ಲಿ ಸಾರ್ವಜನಿಕ ಪಟ್ಟಿಯೊಂದಿಲ್ಲ. ಅಮೆರಿಕದಲ್ಲಿ 1992ರ ಕಾನೂನಿನಂತೆ ಕೇಂದ್ರವಾರು ಫಲಿತಾಂಶ ಪ್ರಕಟವಾಗುವ ಪದ್ಧತಿ ಬಂತು. ಬ್ರಿಟನ್ನಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ನಿಯಂತ್ರಣ ಪ್ರಾಧಿಕಾರ ಪ್ರತಿ ಕೇಂದ್ರದ ಅಂಕಿಗಳನ್ನು ಜನರ ಮುಂದಿಡುತ್ತದೆ. ನಮ್ಮಲ್ಲಿ ಆ ಜಾಗವನ್ನು ಜಾಹೀರಾತು ತುಂಬಿಕೊಂಡಿದೆ.

ಇತಿಹಾಸ

ಐವಿಎಫ್‌ನಿಂದ, ಅಂದರೆ ದೇಹದ ಹೊರಗೆ ಫಲಿತಗೊಂಡ ಅಂಡಾಣುವಿನಿಂದ, ಹುಟ್ಟಿದ ಮೊದಲ ಮಗು ಲೂಯಿಸ್ ಬ್ರೌನ್. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಜನನ. ಇದರ ಹಿಂದೆ ಇದ್ದವರು ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್, ಪ್ರಸೂತಿ ತಜ್ಞ ಪ್ಯಾಟ್ರಿಕ್ ಸ್ಟೆಪ್ಟೋ ಮತ್ತು ಪ್ರಯೋಗಾಲಯ ನೋಡಿಕೊಂಡ ಜೀನ್ ಪರ್ಡಿ. ಎಡ್ವರ್ಡ್ಸ್‌ಗೆ 2010ರಲ್ಲಿ ನೊಬೆಲ್ ಬಂದಾಗ ಉಳಿದಿಬ್ಬರೂ ತೀರಿಕೊಂಡಿದ್ದರು.

1978ರಲ್ಲೇ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಜಗತ್ತಿನ ಎರಡನೆಯ ಪ್ರನಾಳ ಶಿಶು ಹುಟ್ಟಿತು. ಅದನ್ನು ಸಾಧಿಸಿದವರು ಡಾ. ಸುಭಾಷ್ ಮುಖರ್ಜಿ. ಪಶ್ಚಿಮ ಬಂಗಾಳ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ವಿದೇಶದ ಸಮ್ಮೇಳನಕ್ಕೆ ಹೋಗಲು ಬಿಡಲಿಲ್ಲ, ಸಂಬಂಧವಿಲ್ಲದ ವಿಭಾಗಕ್ಕೆ ವರ್ಗ ಮಾಡಲಾಯಿತು. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ತಪನ್ ಸಿನ್ಹಾ ಅವರ 1990ರ ಹಿಂದಿ ಚಿತ್ರ ‘ಏಕ್ ಡಾಕ್ಟರ್ ಕಿ ಮೌತ್’ಗೆ ಪ್ರೇರಣೆ ಈ ಕಥೆಯೇ. 1986ರ ಆಗಸ್ಟ್ 6ರಂದು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದೂಜಾ ಮತ್ತು ವಿಜ್ಞಾನಿ ಟಿ.ಸಿ. ಆನಂದಕುಮಾರ್ ಅವರ ತಂಡದಿಂದ ಹುಟ್ಟಿದ ಮಗುವೇ ಭಾರತದ ಮೊದಲನೆಯದೆಂದು ದಾಖಲಾಯಿತು. ಮುಂದೆ ಮುಖರ್ಜಿಯವರ ಟಿಪ್ಪಣಿಗಳನ್ನು ಓದಿದ ಆನಂದಕುಮಾರ್, ಮೊದಲಿಗರು ತಾವಲ್ಲ, ಅವರು ಎಂದು 1997ರಲ್ಲಿ ಬಹಿರಂಗವಾಗಿ ಹೇಳಿದರು. ತಮ್ಮ ಹೆಸರಿಗೆ ಬಂದಿದ್ದ ಪಟ್ಟವನ್ನು ಸತ್ತವರಿಗೆ ಬಿಟ್ಟುಕೊಟ್ಟ ಇಂಥ ವಿಜ್ಞಾನಿಗಳು ಅಪರೂಪ. ಆನಂದಕುಮಾರ್ ಆಮೇಲೆ ಬೆಂಗಳೂರಿನಲ್ಲಿ ನೆಲೆಸಿ ಬಂಜೆತನದ ಚಿಕಿತ್ಸಾಲಯ ನಡೆಸಿದರು.

ಸ್ಟೆಪ್ಟೋ ಮತ್ತು ಎಡ್ವರ್ಡ್ಸ್ ಸಹಜವಾಗಿ ಬಲಿತ ಒಂದೇ ಅಂಡಾಣುವನ್ನು ತೆಗೆದಿದ್ದರು. ಮುಖರ್ಜಿ ಹಾರ್ಮೋನ್ ಕೊಟ್ಟು ಹಲವು ಅಂಡಾಣುಗಳನ್ನು ಬೆಳೆಸಿದರು, ಭ್ರೂಣವನ್ನು ಹೆಪ್ಪುಗಟ್ಟಿಸಿಟ್ಟು ಮುಂದಿನ ತಿಂಗಳುಗಳಲ್ಲಿ ಗರ್ಭಕೋಶಕ್ಕೆ ಸೇರಿಸಿದರು. ಇವತ್ತು ದಾವಣಗೆರೆಯಲ್ಲಿರಲಿ ದುಬೈನಲ್ಲಿರಲಿ, ಐವಿಎಫ್ ನಡೆಯುವುದು ಹೆಚ್ಚುಕಡಿಮೆ ಈ ಎರಡನೆಯ ಕ್ರಮದಲ್ಲೇ. ಮುಂದಿನ ದೊಡ್ಡ ಹೆಜ್ಜೆ 1992ರದು: ಬ್ರಸೆಲ್ಸ್‌ನಲ್ಲಿ ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಕ್ಕೆ ಚುಚ್ಚಿ ಗರ್ಭ ನಿಲ್ಲಿಸಿದ ಇಕ್ಸಿ ವಿಧಾನ. ಕೌಂಟ್ ತೀರಾ ಕಡಿಮೆಯಿದ್ದ ಗಂಡಸರಿಗೆ ಅಲ್ಲಿಯವರೆಗೆ ದಾನಿಯ ವೀರ್ಯವೊಂದೇ ಗತಿಯಾಗಿತ್ತು.

ಕಾರಣ ಮತ್ತು ತಪಾಸಣೆ

ಅಂಡೋತ್ಪತ್ತಿಯ ಏರುಪೇರು (ಅದರಲ್ಲೂ ಜನ ಪಿಸಿಓಡಿ ಎನ್ನುವ ತೊಂದರೆ), ಗರ್ಭನಾಳದ ಅಡಚಣೆ, ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್, ವೀರ್ಯದ ದೋಷ ಇವು ಮುಖ್ಯ ಕಾರಣಗಳು. ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗದ ಜೋಡಿಗಳೂ ಸಾಕಷ್ಟಿವೆ. ಗಂಡಿನ ಕಡೆಯ ದೋಷ ಒಂಟಿಯಾಗಿಯೋ ಹೆಣ್ಣಿನ ದೋಷದ ಜೊತೆ ಸೇರಿಯೋ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಇರುತ್ತದೆ. ಆದರೂ ಮನೆಯವರ ಬೆರಳು ಮೊದಲು ತಿರುಗುವುದು ಸೊಸೆಯ ಕಡೆಗೆ. ಘಾಟಿ ಸುಬ್ರಹ್ಮಣ್ಯದಲ್ಲಿ ನಾಗರಕಲ್ಲಿನ ಹರಕೆ ಹೊತ್ತ ಮನೆಯವರು ಮರುವಾರ ಅವಳನ್ನು ಸ್ಕ್ಯಾನಿಂಗ್‌ಗೂ ಕರೆತರುತ್ತಾರೆ, ಆ ಎರಡಕ್ಕೂ ಜಗಳವಿಲ್ಲ. ಮಗನನ್ನು ವೀರ್ಯ ಪರೀಕ್ಷೆಗೆ ಒಪ್ಪಿಸುವಾಗ ಮಾತ್ರ ಮಾತು ನಿಲ್ಲುತ್ತದೆ. ಕೆಲವು ನೂರು ರೂಪಾಯಿಯ ಆ ಪರೀಕ್ಷೆ ಮಾಡಿಸದೆ ಹೆಂಡತಿಗೆ ವರ್ಷಗಟ್ಟಲೆ ಮಾತ್ರೆ ನುಂಗಿಸಿದ ಉದಾಹರಣೆಗಳು ಪ್ರತಿ ಜಿಲ್ಲೆಯಲ್ಲೂ ಸಿಗುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ವೀರ್ಯದ ಕನಿಷ್ಠ ಉಲ್ಲೇಖ ಮಟ್ಟ ಹೀಗಿದೆ: ಪ್ರಮಾಣ 1.4 ಮಿಲಿಲೀಟರ್, ಪ್ರತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಒಟ್ಟು ಚಲನೆ ಶೇ 42, ಸಹಜ ಆಕಾರದವು ಶೇ 4. ರಿಪೋರ್ಟಿನಲ್ಲಿ ‘ಶೇ 96 ಅಸಹಜ’ ಎಂಬ ಸಾಲು ಕಂಡು ಕಂಗಾಲಾಗುವವರು ಈ ಕೊನೆಯ ಅಂಕಿಯನ್ನು ನೆನಪಿಡಬೇಕು. ಒಂದು ಪರೀಕ್ಷೆಯಲ್ಲಿ ಕಡಿಮೆ ಬಂದರೆ ಮತ್ತೊಮ್ಮೆ ಮಾಡಿಸದೆ ತೀರ್ಮಾನಕ್ಕೆ ಬರುವಂತಿಲ್ಲ. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಆಸುಪಾಸು ಬೇಕು. ಆದ್ದರಿಂದ ಗುಟ್ಕಾ, ಸಿಗರೇಟು, ಕುಡಿತ ಬಿಟ್ಟ ಫಲ ಕಾಣುವುದೂ ಮೂರು ತಿಂಗಳ ಮೇಲೆಯೇ. ಮೈಕಟ್ಟಿಗೆಂದು ಜಿಮ್‌ನಲ್ಲಿ ಟೆಸ್ಟೋಸ್ಟಿರಾನ್ ಚುಚ್ಚಿಸಿಕೊಳ್ಳುವ ಹುಡುಗರಲ್ಲಿ ವೀರ್ಯಾಣು ಉತ್ಪತ್ತಿ ಪೂರಾ ನಿಂತುಬಿಡುವುದುಂಟು. ವೈದ್ಯರು ಕೇಳದಿದ್ದರೂ ಇದನ್ನು ಹೇಳಿಕೊಳ್ಳಬೇಕು.

ಹೆಂಗಸರಿಗೆ ಮುಟ್ಟಿನ ಎರಡು-ಮೂರನೆಯ ದಿನದ ಹಾರ್ಮೋನ್ ಪರೀಕ್ಷೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಒಳಸ್ಕ್ಯಾನ್, ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಚ್‌ಎಸ್‌ಜಿ ಎಕ್ಸ್‌ರೇ, ಎಎಂಎಚ್ ರಕ್ತಪರೀಕ್ಷೆ ಇರುತ್ತವೆ. ಇವುಗಳಲ್ಲಿ ಅತಿ ಹೆಚ್ಚು ಹೆದರಿಕೆ ಹುಟ್ಟಿಸುವುದು ಎಎಂಎಚ್. ಇಂಜೆಕ್ಷನ್ ಕೊಟ್ಟರೆ ಎಷ್ಟು ಅಂಡಾಣು ಸಿಗಬಹುದು ಎಂಬುದರ ಸೂಚನೆ ಅದು. ಸಹಜವಾಗಿ ಬಸಿರಾಗುವ ಸಾಧ್ಯತೆಯನ್ನು ಅದು ಹೇಳುವುದಿಲ್ಲ, ಅಂಡಾಣುವಿನ ಗುಣಮಟ್ಟವನ್ನೂ ಹೇಳುವುದಿಲ್ಲ. 28ರ ಹುಡುಗಿಗೆ ಎಎಂಎಚ್ ಕಡಿಮೆ ಬಂದ ಒಂದೇ ಕಾರಣಕ್ಕೆ ದಾನಿ ಅಂಡಾಣುವಿನ ಮಾತೆತ್ತುವ ಕಡೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಲೇಸು. ಭಾರತದಲ್ಲಿ ಗರ್ಭನಾಳ ಮುಚ್ಚಲು ಕ್ಷಯರೋಗವೂ ಒಂದು ಕಾರಣ. ಆದರೆ ಗರ್ಭಕೋಶದ ಒಳಪದರದ ಪಿಸಿಆರ್ ಪರೀಕ್ಷೆ ಪಾಸಿಟಿವ್ ಬಂದಾಕ್ಷಣ ಆರು ತಿಂಗಳ ಕ್ಷಯದ ಮಾತ್ರೆ ಶುರುಮಾಡಬೇಕೇ ಎಂಬುದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ.

ಚಿಕಿತ್ಸೆಯ ಮೆಟ್ಟಿಲುಗಳು

ಮೊದಲ ಮೆಟ್ಟಿಲು ಅಂಡೋತ್ಪತ್ತಿಗೆ ಮಾತ್ರೆ. ಪಿಸಿಓಡಿ ಇರುವವರಿಗೆ ಈಗ ಜಗತ್ತಿನಾದ್ಯಂತ ಮೊದಲ ಆಯ್ಕೆ ಲೆಟ್ರೊಜೋಲ್. ಬಂಜೆತನಕ್ಕೆ ಈ ಮಾತ್ರೆ ಕೊಡುವುದನ್ನು ಭಾರತದಲ್ಲಿ 2011ರಲ್ಲಿ ನಿಷೇಧಿಸಲಾಗಿತ್ತು. ಆಮೇಲೆ ನಿಷೇಧ ತೆರವಾಯಿತು. ಹಳೆಯ ಮಾತ್ರೆ ಕ್ಲೊಮಿಫಿನ್ ಇನ್ನೂ ಬಳಕೆಯಲ್ಲಿದೆ. ತೂಕ ಹೆಚ್ಚಿರುವವರು ದೇಹದ ತೂಕದ ಶೇ 5ರಿಂದ 10ರಷ್ಟು ಇಳಿಸಿದರೆ ಮುಟ್ಟು ತಾನಾಗಿ ಸರಿಹೋಗುವುದೂ ಉಂಟು. ಈ ಸಲಹೆಯಿಂದ ಯಾವ ಕೇಂದ್ರಕ್ಕೂ ಆದಾಯವಿಲ್ಲ.

ಎರಡನೆಯದು ಐಯುಐ. ತೊಳೆದು ಸಾಂದ್ರಗೊಳಿಸಿದ ವೀರ್ಯವನ್ನು ಅಂಡೋತ್ಪತ್ತಿಯ ಹೊತ್ತಿಗೆ ತೆಳು ನಳಿಕೆಯಿಂದ ಗರ್ಭಕೋಶದೊಳಕ್ಕೆ ಬಿಡುವುದು. ಅರಿವಳಿಕೆ ಬೇಡ, ಕೆಲವೇ ನಿಮಿಷದ ಕೆಲಸ. ಫಲ ಸಿಗುವುದು ಒಂದು ಸಲಕ್ಕೆ ಶೇ 10ರಿಂದ 15ರ ಆಸುಪಾಸು. ಎರಡೂ ನಾಳ ಮುಚ್ಚಿದವರಿಗೆ, ವೀರ್ಯಾಣು ತೀರಾ ಕಡಿಮೆ ಇರುವವರಿಗೆ ಇದು ದಂಡ. ಮೂರು-ನಾಲ್ಕು ಸಲ ಸರಿಯಾಗಿ ಮಾಡಿಯೂ ನಿಲ್ಲದಿದ್ದರೆ ದಾರಿ ಬದಲಿಸಬೇಕು; ಎಂಟು-ಹತ್ತು ಐಯುಐ ಮಾಡಿಸಿಕೊಂಡು ಬಂದವರು ಕಳೆದುಕೊಂಡದ್ದು ಹಣಕ್ಕಿಂತ ವಯಸ್ಸನ್ನು.

ಐವಿಎಫ್ ಮೂರನೆಯದು. ಮುಟ್ಟಿನ ಎರಡು-ಮೂರನೆಯ ದಿನದಿಂದ ಎಂಟರಿಂದ ಹನ್ನೆರಡು ದಿನ ಹೊಟ್ಟೆಯ ಚರ್ಮಕ್ಕೆ ಹಾರ್ಮೋನ್ ಇಂಜೆಕ್ಷನ್, ನಡುನಡುವೆ ನಾಲ್ಕೈದು ಸ್ಕ್ಯಾನ್. ಅಂಡಾಣುವಿನ ಕೋಶಗಳು ಬೆಳೆದ ಮೇಲೆ ಅಂಡಾಣುವನ್ನು ಪೂರ್ತಿ ಬಲಿಸುವ ಟ್ರಿಗರ್ ಇಂಜೆಕ್ಷನ್. ಅದಾಗಿ 34ರಿಂದ 36 ಗಂಟೆಯೊಳಗೆ ಅರಿವಳಿಕೆ ಕೊಟ್ಟು ಸೂಜಿಯಿಂದ ಅಂಡಾಣು ಹೊರತೆಗೆಯುತ್ತಾರೆ. ಲ್ಯಾಬಿನಲ್ಲಿ ವೀರ್ಯದೊಂದಿಗೆ ಸೇರಿಸಿ ಮೂರು ಅಥವಾ ಐದು ದಿನ ಬೆಳೆಸಿದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುತ್ತಾರೆ, ಇಲ್ಲವೇ ಹೆಪ್ಪುಗಟ್ಟಿಸಿ ಮುಂದಿನ ತಿಂಗಳಿಗೆ ಇಡುತ್ತಾರೆ. ಎರಡು ವಾರದ ಬಳಿಕ ರಕ್ತಪರೀಕ್ಷೆ. ಈ ಎರಡು ವಾರ ಮಲಗಿಯೇ ಇರಬೇಕು, ಮೆಟ್ಟಿಲು ಹತ್ತಬಾರದು, ಪಪ್ಪಾಯಿ ಮುಟ್ಟಬಾರದು ಎಂದು ಮನೆಮಂದಿಯೆಲ್ಲ ಹೇಳುತ್ತಾರೆ. ಹಾಸಿಗೆ ಹಿಡಿದು ಮಲಗುವುದರಿಂದ ಗರ್ಭ ನಿಲ್ಲುವುದಕ್ಕೆ ಸಹಾಯವಾಗುವುದಿಲ್ಲ ಎಂದು ಅಧ್ಯಯನಗಳು ಹೇಳುತ್ತವೆ.

ಪ್ರತಿ ಹಂತದಲ್ಲೂ ಸಂಖ್ಯೆ ಸೋರುತ್ತದೆ. ಹನ್ನೆರಡು ಅಂಡಾಣು ಸಿಕ್ಕಿತೆಂದರೆ ಒಂಬತ್ತೋ ಹತ್ತೋ ಬಲಿತಿರುತ್ತವೆ, ಆರೇಳು ಫಲಿತವಾಗುತ್ತವೆ, ಐದನೆಯ ದಿನದವರೆಗೆ ಬೆಳೆಯುವುದು ಎರಡು-ಮೂರು. ಇದು ಸಹಜ ಲೆಕ್ಕ. ಮೊದಲೇ ಇಷ್ಟು ತಿಳಿಸಿಬಿಟ್ಟರೆ ‘ಹನ್ನೆರಡಿದ್ದದ್ದು ಎರಡಾಯಿತು’ ಎಂಬ ಆಘಾತವಾದರೂ ತಪ್ಪುತ್ತದೆ.

ಅಪಾಯಗಳೂ ಇವೆ. ಪಿಸಿಓಡಿ ಇರುವ ಎಳೆಯ ವಯಸ್ಸಿನವರಲ್ಲಿ ಅಂಡಾಶಯ ಅತಿಯಾಗಿ ಉಬ್ಬಿ ಹೊಟ್ಟೆಯಲ್ಲಿ ನೀರು ತುಂಬುವ ಓಎಚ್‌ಎಸ್‌ಎಸ್ ಬರಬಹುದು. ಟ್ರಿಗರ್ ಬದಲಿಸಿ, ಭ್ರೂಣವನ್ನೆಲ್ಲ ಹೆಪ್ಪುಗಟ್ಟಿಸಿಟ್ಟರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ಇನ್ನೊಂದು ಅಪಾಯವನ್ನು ದಂಪತಿಯೇ ಬೇಡಿ ಪಡೆಯುತ್ತಾರೆ. ಎರಡು ಭ್ರೂಣ ಹಾಕಿ, ಒಂದೇ ಖರ್ಚಿನಲ್ಲಿ ಅವಳಿ ಆಗಲಿ ಎಂಬ ಕೋರಿಕೆ ಪ್ರತಿ ಕೇಂದ್ರದ ವೈದ್ಯರೂ ಕೇಳಿರುವಂಥದ್ದು. ಅವಳಿ ಗರ್ಭದಲ್ಲಿ ಅವಧಿಗೆ ಮುಂಚೆ ಹೆರಿಗೆ, ರಕ್ತದೊತ್ತಡ, ಕಡಿಮೆ ತೂಕ ಇವೆಲ್ಲ ಹೆಚ್ಚು. ನವಜಾತ ಶಿಶುಗಳ ಐಸಿಯುವಿನಲ್ಲಿ ಎರಡು ಕೂಸು ಮೂರು ವಾರ ಇದ್ದರೆ ಬರುವ ಬಿಲ್ಲು ಇನ್ನೊಂದು ಐವಿಎಫ್‌ನದನ್ನು ಮೀರಬಹುದು. ಒಳ್ಳೆಯ ಭ್ರೂಣವಿದ್ದಾಗ ಒಂದನ್ನೇ ಹಾಕಿ ಉಳಿದುದನ್ನು ಕಾಪಿಡುವ ಕೇಂದ್ರ ದಂಪತಿಯ ಹಿತ ನೋಡುತ್ತಿದೆ ಎಂದೇ ತಿಳಿಯಬೇಕು.

ಹೆಚ್ಚುವರಿ ಸೇವೆಗಳ ಸಂತೆ

ಮೂಲ ಚಿಕಿತ್ಸೆಯ ಸುತ್ತ ‘ಆಡ್ ಆನ್’ ಎಂಬ ಒಂದು ಸಂತೆಯೇ ಬೆಳೆದಿದೆ. ವೀರ್ಯ ಸರಿಯಿದ್ದರೂ ಎಲ್ಲರಿಗೂ ಇಕ್ಸಿ ಮಾಡುವುದು ಭಾರತದಲ್ಲಿ ರೂಢಿಯಾಗಿದೆ; ವೀರ್ಯದ ದೋಷ ಇಲ್ಲದವರಲ್ಲಿ ಅದರಿಂದ ಮಗು ಹುಟ್ಟುವ ಸಾಧ್ಯತೆ ಹೆಚ್ಚುವುದಿಲ್ಲ. ಗರ್ಭಕೋಶದ ಪದರವನ್ನು ಗೀರುವ ಸ್ಕ್ರಾಚಿಂಗ್‌ನಿಂದ ಪ್ರಯೋಜನವಿಲ್ಲವೆಂದು 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿತು. ಭ್ರೂಣ ವರ್ಗಾವಣೆಗೆ ಸರಿಯಾದ ಗಳಿಗೆ ಹುಡುಕುತ್ತದೆನ್ನುವ ಇಆರ್‌ಎ ಪರೀಕ್ಷೆಯದೂ 2022ರ ಪ್ರಯೋಗದಲ್ಲಿ ಅದೇ ಕಥೆ. ಭ್ರೂಣದ ವರ್ಣತಂತು ಎಣಿಸುವ ಪಿಜಿಟಿ-ಎ ಪರೀಕ್ಷೆ ಗರ್ಭಪಾತ ಮರುಕಳಿಸಿದವರಿಗೆ, ವಯಸ್ಸಾದವರಿಗೆ ಚರ್ಚೆಗೆ ಯೋಗ್ಯ, ಎಲ್ಲರಿಗೂ ಹೇರುವಂಥದ್ದಲ್ಲ. ರಕ್ತದಿಂದ ಬೇರ್ಪಡಿಸಿದ ಪಿಆರ್‌ಪಿಯನ್ನು ಅಂಡಾಶಯಕ್ಕೆ ಚುಚ್ಚಿ ‘ಮರುಯೌವನ’ ಕೊಡುತ್ತೇವೆಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ಇವುಗಳಲ್ಲಿ ಯಾವುದನ್ನೇ ಹೇಳಿದರೂ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಮಾಡಿಸದಿದ್ದರೆ ನನ್ನ ಮಟ್ಟಿಗೆ ಏನು ನಷ್ಟ? ಬ್ರಿಟನ್ನಿನ ಪ್ರಾಧಿಕಾರ ಇಂಥ ಪ್ರತಿ ಸೇವೆಗೂ ಪುರಾವೆಯ ಆಧಾರದ ಮೇಲೆ ಬಣ್ಣದ ದರ್ಜೆ ಕೊಟ್ಟು ಪಟ್ಟಿ ಪ್ರಕಟಿಸಿದೆ. ಇಂಗ್ಲಿಷ್ ಓದಬಲ್ಲವರು ಮನೆಯಲ್ಲೇ ಕುಳಿತು ನೋಡಬಹುದು.

ಯಶಸ್ಸಿನ ಅಂಕಿ

‘ಶೇ 80 ಯಶಸ್ಸು’ ಎಂಬ ಫಲಕಕ್ಕೆ ಅರ್ಥ ಬರಬೇಕಾದರೆ ಯಾವುದರಲ್ಲಿ ಶೇ 80 ಎಂದು ತಿಳಿಯಬೇಕು. ರಕ್ತಪರೀಕ್ಷೆ ಪಾಸಿಟಿವ್ ಬಂದದ್ದೇ ಯಶಸ್ಸೇ, ಸ್ಕ್ಯಾನಿನಲ್ಲಿ ಎದೆಬಡಿತ ಕಂಡದ್ದೇ, ಜೀವಂತ ಮಗು ಮನೆಗೆ ಬಂದದ್ದೇ? ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಗರ್ಭಪಾತಗಳಿವೆ. ಭಾಗಿಸಿದ್ದು ಯಾವುದರಿಂದ ಎಂಬುದೂ ಮುಖ್ಯ. ಇಂಜೆಕ್ಷನ್ ಶುರುಮಾಡಿದ ನೂರು ಜನರಲ್ಲಿ ಕೆಲವರಿಗೆ ಅಂಡಾಣು ಸಿಗುವುದಿಲ್ಲ, ಕೆಲವರಿಗೆ ಭ್ರೂಣ ಬೆಳೆಯುವುದಿಲ್ಲ. ಅವರನ್ನೆಲ್ಲ ಬದಿಗಿಟ್ಟು ಭ್ರೂಣ ವರ್ಗಾವಣೆಯಾದವರನ್ನಷ್ಟೇ ಎಣಿಸಿದರೆ ಅಂಕಿ ತಾನೇ ಏರುತ್ತದೆ. ದಾನಿ ಅಂಡಾಣುವಿನ ಪ್ರಕರಣಗಳನ್ನು ಬೆರೆಸಿದರೆ ಇನ್ನೂ ಏರುತ್ತದೆ. ಕಷ್ಟದ ಪ್ರಕರಣಗಳನ್ನು ಬಾಗಿಲಲ್ಲೇ ವಾಪಸು ಕಳಿಸುವ ಕೇಂದ್ರದ ಅಂಕಿ ಎಲ್ಲಕ್ಕಿಂತ ಚೆನ್ನಾಗಿರುತ್ತದೆ.

ಫಲಿತಾಂಶವನ್ನು ನಿರ್ಧರಿಸುವುದರಲ್ಲಿ ಹೆಣ್ಣಿನ ವಯಸ್ಸನ್ನು ಮೀರಿದ್ದು ಇನ್ನೊಂದಿಲ್ಲ. ಬ್ರಿಟನ್ನಿನ ಪ್ರಾಧಿಕಾರದ ಇತ್ತೀಚಿನ ವರ್ಷಗಳ ಅಂಕಿಗಳಲ್ಲಿ, ಸ್ವಂತ ಅಂಡಾಣು ಬಳಸಿದ 35ರೊಳಗಿನವರಲ್ಲಿ ವರ್ಗಾಯಿಸಿದ ಪ್ರತಿ ನೂರು ಭ್ರೂಣಕ್ಕೆ ಮಗು ಹುಟ್ಟಿದ್ದು 35ರ ಆಸುಪಾಸು. 43-44ರ ವಯಸ್ಸಿನವರಲ್ಲಿ 5ರ ಆಸುಪಾಸು. ನಿಗಾ ಕಟ್ಟುನಿಟ್ಟಾಗಿರುವ ದೇಶದ ಲೆಕ್ಕ ಇದಾದರೆ, ಶೇ 80ರ ಫಲಕವನ್ನು ಎಷ್ಟು ನಂಬಬೇಕೆಂಬುದನ್ನು ಓದುಗರೇ ಊಹಿಸಬಹುದು. ವೈದ್ಯರ ಎದುರು ಕೇಳಬೇಕಾದ ಪ್ರಶ್ನೆ ಹೀಗಿರಲಿ: ಕಳೆದ ವರ್ಷ ನನ್ನ ವಯಸ್ಸಿನವರಲ್ಲಿ, ಸ್ವಂತ ಅಂಡಾಣುವಿನಿಂದ, ಇಂಜೆಕ್ಷನ್ ಆರಂಭಿಸಿದ ಎಷ್ಟು ಜನರಿಗೆ ಮಗು ಹುಟ್ಟಿತು? ಒಳ್ಳೆಯ ಕೇಂದ್ರದಲ್ಲಿ ಈ ಪ್ರಶ್ನೆಗೆ ಯಾರೂ ಮುಖ ಸಿಂಡರಿಸುವುದಿಲ್ಲ.

ವೆಚ್ಚ

ಈ ದಶಕದಲ್ಲಿ ಕರ್ನಾಟಕದ ಖಾಸಗಿ ಕೇಂದ್ರಗಳಲ್ಲಿ ಒಂದು ಐಯುಐಗೆ ಸಾಮಾನ್ಯವಾಗಿ 5,000ದಿಂದ 15,000 ರೂಪಾಯಿ, ಔಷಧ ಸೇರಿ ಒಂದು ಐವಿಎಫ್ ಆವರ್ತಕ್ಕೆ 1.2 ಲಕ್ಷದಿಂದ 2.5 ಲಕ್ಷ ರೂಪಾಯಿ ಆಗುತ್ತದೆ. ದೊಡ್ಡ ಸರಪಳಿ ಆಸ್ಪತ್ರೆಗಳಲ್ಲಿ ಇನ್ನೂ ಹೆಚ್ಚು. ಅಮೆರಿಕದಲ್ಲಿ ಇದಕ್ಕೆ 15,000 ಡಾಲರಿಗೂ ಮೇಲೆ ಬೀಳುವುದರಿಂದ ಅಲ್ಲಿನ ಕನ್ನಡಿಗರಲ್ಲಿ ಕೆಲವರು ರಜೆ ಹಾಕಿ ಬೆಂಗಳೂರಿಗೆ ಬಂದು ಚಿಕಿತ್ಸೆ ಮುಗಿಸಿ ಹೋಗುತ್ತಾರೆ. ಅಂಥವರು ಒಂದು ವಿಷಯ ತಿಳಿದಿರಬೇಕು: ಇಲ್ಲಿ ಉಳಿದ ಸ್ವಂತ ಭ್ರೂಣವನ್ನು ದೇಶದಾಚೆ ಒಯ್ಯಲು 2021ರ ಕಾಯ್ದೆಯಡಿ ರಚಿಸಿದ ರಾಷ್ಟ್ರೀಯ ಮಂಡಳಿಯ ಅನುಮತಿ ಬೇಕು.

ಪ್ಯಾಕೇಜಿನ ಬೆಲೆಗೂ ಕೊನೆಯ ಬಿಲ್ಲಿಗೂ ಇರುವ ಅಂತರ ಹೇಗೆ ಹುಟ್ಟುತ್ತದೆಂಬುದಕ್ಕೆ ಒಂದು ಉದಾಹರಣೆಯ ಲೆಕ್ಕ. ಬೋರ್ಡಿನಲ್ಲಿ ಐವಿಎಫ್ ಪ್ಯಾಕೇಜು 1,10,000 ಎಂದಿದೆ. ಅದರಲ್ಲಿ ಅಂಡಾಣು ತೆಗೆಯುವುದು, ಅರಿವಳಿಕೆ, ಲ್ಯಾಬ್ ಮಾತ್ರ ಸೇರಿವೆ. ಹಾರ್ಮೋನ್ ಇಂಜೆಕ್ಷನ್‌ಗೆ 70,000, ಸ್ಕ್ಯಾನ್ ಮತ್ತು ರಕ್ತಪರೀಕ್ಷೆಗೆ 15,000, ಇಕ್ಸಿಗೆ 25,000, ಭ್ರೂಣ ಹೆಪ್ಪುಗಟ್ಟಿಸಿ ಒಂದು ವರ್ಷ ಇಡಲು 25,000, ಮುಂದಿನ ತಿಂಗಳ ವರ್ಗಾವಣೆಗೆ 50,000, ಆಮೇಲಿನ ಪ್ರೊಜೆಸ್ಟಿರಾನ್ ಔಷಧಕ್ಕೆ 10,000. ಒಟ್ಟು 3,05,000. ಇದರಲ್ಲಿ ಸುಳ್ಳು ಬೆಲೆ ಯಾವುದೂ ಇಲ್ಲ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಮೊದಲೇ ಬರೆದುಕೊಟ್ಟಿಲ್ಲ, ಅಷ್ಟೆ. ಇಂಜೆಕ್ಷನ್ ಖರ್ಚು ವಯಸ್ಸು, ತೂಕ, ಎಎಂಎಚ್ ನೋಡಿ ಬದಲಾಗುತ್ತದೆ. ಮೂತ್ರದಿಂದ ಶುದ್ಧೀಕರಿಸಿದ ಹಾರ್ಮೋನಿಗಿಂತ ಜೈವಿಕ ತಂತ್ರಜ್ಞಾನದಿಂದ ತಯಾರಿಸಿದ್ದಕ್ಕೆ ಬೆಲೆ ಹೆಚ್ಚು. ಎರಡರ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸವಿಲ್ಲ ಎಂಬುದರಿಂದ, ತಮಗೆ ಯಾವುದು, ಏಕೆ ಎಂದು ಕೇಳಬಹುದು. ವೃಷಣದಿಂದ ಸೂಜಿಯಲ್ಲಿ ವೀರ್ಯಾಣು ತೆಗೆಯಬೇಕಾದರೆ ಅದಕ್ಕೆ ಬೇರೆ ಬಿಲ್ಲು. ದಾನಿ ಅಂಡಾಣು ಬೇಕಾದರೆ ದಾನಿಯ ತಪಾಸಣೆ, ಔಷಧ, ವಿಮೆ, ಬ್ಯಾಂಕಿನ ಶುಲ್ಕವೆಲ್ಲ ಸೇರಿ ಲೆಕ್ಕ ಲಕ್ಷಗಳಲ್ಲಿ ಏರುತ್ತದೆ.

ಬಿಲ್ಲಿನಲ್ಲಿ ಕಾಣದ ಖರ್ಚು ಬೇರೆ. ಕರ್ನಾಟಕದ ಕೇಂದ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನಲ್ಲಿವೆ. ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆಯಲ್ಲಿ ಸಾಕಷ್ಟಿವೆ. ರಾಯಚೂರು, ಯಾದಗಿರಿ, ಬೀದರ್ ಕಡೆಯವರಿಗೆ ಹೈದರಾಬಾದೇ ಹತ್ತಿರ. ಎರಡು ವಾರದಲ್ಲಿ ಐದಾರು ಓಡಾಟ, ಲಾಡ್ಜಿನ ಬಾಡಿಗೆ, ಜೊತೆಗೆ ಬಂದವರ ಊಟ, ಇಬ್ಬರ ದುಡಿಮೆಯ ನಷ್ಟ ಇವನ್ನೂ ಸೇರಿಸಿ ಲೆಕ್ಕ ಹಾಕದಿದ್ದರೆ ನಡುದಾರಿಯಲ್ಲಿ ಹಣ ಮುಗಿಯುತ್ತದೆ. ಅಂಡಾಣು ತೆಗೆದಾದ ಮೇಲೆ ವರ್ಗಾವಣೆಗೆ ಕಾಸಿಲ್ಲದೆ ಭ್ರೂಣವನ್ನು ವರ್ಷಗಟ್ಟಲೆ ಇಟ್ಟು, ಬರೀ ಶೇಖರಣೆಯ ಬಾಡಿಗೆ ಕಟ್ಟುತ್ತಿರುವವರೂ ಇದ್ದಾರೆ. ಊರಿನ ಸ್ಕ್ಯಾನಿಂಗ್ ವೈದ್ಯರಿಂದ ನಡುವಿನ ಸ್ಕ್ಯಾನ್ ಮಾಡಿಸಿ ಕಳಿಸಲು ಒಪ್ಪುವ ಕೇಂದ್ರ ಸಿಕ್ಕರೆ ಓಡಾಟ ಅರ್ಧಕ್ಕೆ ಇಳಿಯುತ್ತದೆ.

ಆರೋಗ್ಯ ವಿಮೆಯ ಸಾಮಾನ್ಯ ಪಾಲಿಸಿಗಳಲ್ಲಿ ಬಂಜೆತನದ ಚಿಕಿತ್ಸೆ ಹೊರಗಿಟ್ಟ ಪಟ್ಟಿಯಲ್ಲೇ ಇರುತ್ತದೆ. ಕೆಲವು ದೊಡ್ಡ ಕಂಪನಿಗಳ ಗುಂಪು ವಿಮೆಯಲ್ಲಿ ಮಿತಿಯೊಳಗೆ ಕೊಡುವುದುಂಟು. ಸಿಬ್ಬಂದಿ ವಿಭಾಗದಲ್ಲಿ ವಿಚಾರಿಸಬೇಕು. ಕೇಂದ್ರ ಸರ್ಕಾರಿ ನೌಕರರಿಗೆ 2011ರ ಆದೇಶ ಆವರ್ತಕ್ಕೆ 65,000 ರೂಪಾಯಿ ಮಿತಿಯಲ್ಲಿ ಮೂರು ಆವರ್ತದವರೆಗೆ ಮರುಪಾವತಿಗೆ ಅವಕಾಶ ಕೊಟ್ಟಿತು. ಐವಿಎಫ್ ಸೇವೆಗೆ ಜಿಎಸ್‌ಟಿ ಇಲ್ಲವೆಂದು 2022ರಲ್ಲಿ ಸ್ಪಷ್ಟಪಡಿಸಲಾಗಿದೆ. ಬಿಲ್ಲಿನಲ್ಲಿ ಆ ಸಾಲು ಕಂಡರೆ ಪ್ರಶ್ನಿಸಬಹುದು. ಇತ್ತೀಚೆಗೆ ಕಂತಿನ ಸಾಲ, ‘ಮಗುವಾಗದಿದ್ದರೆ ಹಣ ವಾಪಸ್’ ಯೋಜನೆಗಳು ಬಂದಿವೆ. ಎರಡನೆಯದಕ್ಕೆ ಸೇರಿಸಿಕೊಳ್ಳುವುದು ಬಹುತೇಕ ಎಳೆಯ ವಯಸ್ಸಿನ, ಒಂದೆರಡು ಆವರ್ತದಲ್ಲೇ ಗರ್ಭ ನಿಲ್ಲುವ ಸಾಧ್ಯತೆ ಇರುವವರನ್ನು. ಅವರು ಎರಡು-ಮೂರು ಆವರ್ತದ ಹಣವನ್ನು ಮೊದಲೇ ಕಟ್ಟಿರುತ್ತಾರೆ.

ಸರ್ಕಾರಿ ವ್ಯವಸ್ಥೆಯಲ್ಲಿ ದೆಹಲಿಯ ಏಮ್ಸ್‌ನಂಥ ಕಡೆ ಐವಿಎಫ್ ಕಡಿಮೆ ವೆಚ್ಚದಲ್ಲಿ ನಡೆಯುತ್ತದೆ, ಸರದಿ ಮಾತ್ರ ಉದ್ದ. ಗೋವಾ ಸರ್ಕಾರ 2023ರಲ್ಲಿ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಉಚಿತ ಐವಿಎಫ್ ಆರಂಭಿಸಿತು. ತಮಿಳುನಾಡು ಚೆನ್ನೈನ ಎಗ್ಮೋರಿನಲ್ಲಿ ಸರ್ಕಾರಿ ಕೇಂದ್ರ ತೆರೆಯಿತು. ಕರ್ನಾಟಕದ ಬಡವರು ಮೂಲ ತಪಾಸಣೆಗಾದರೂ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಮೊದಲು ಹೋಗುವುದು ಒಳ್ಳೆಯದು. ಅಲ್ಲಿ ಮಾಡಿಸಿದ ವರದಿಗಳನ್ನು ಒಪ್ಪದೆ ಎಲ್ಲವನ್ನೂ ಮತ್ತೆ ಮಾಡಿಸಿ ಎನ್ನುವ ಖಾಸಗಿ ಕೇಂದ್ರದಲ್ಲಿ ಕಾರಣ ಕೇಳಬೇಕು.

ಕಾನೂನು

ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆ ಮತ್ತು ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆ 2021ರಲ್ಲಿ ಅಂಗೀಕಾರವಾಗಿ 2022ರ ಜನವರಿ 25ರಿಂದ ಜಾರಿಗೆ ಬಂದವು. ಅದಕ್ಕೆ ಮುಂಚೆ ಇದ್ದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ಮಾತ್ರ. ಈಗ ಐಯುಐ ಮಾತ್ರ ಮಾಡುವ ಒಂದನೆಯ ಹಂತದ ಕ್ಲಿನಿಕ್, ಐವಿಎಫ್ ಮಾಡುವ ಎರಡನೆಯ ಹಂತದ ಕ್ಲಿನಿಕ್, ಅಂಡಾಣು-ವೀರ್ಯ ಬ್ಯಾಂಕ್ ಎಲ್ಲವೂ ನೋಂದಣಿಯಾಗಬೇಕು. ನೋಂದಣಿಯ ಅವಧಿ ಐದು ವರ್ಷ. ಚಿಕಿತ್ಸೆ ಪಡೆಯುವ ಮಹಿಳೆಗೆ 21ರಿಂದ 50, ಪುರುಷನಿಗೆ 21ರಿಂದ 55 ವಯೋಮಿತಿ. ಒಂಟಿ ಮಹಿಳೆಯೂ ಇವುಗಳಲ್ಲಿ ಮೊದಲ ಕಾಯ್ದೆಯಡಿ ಚಿಕಿತ್ಸೆ ಪಡೆಯಬಹುದು. ಅಂಡಾಣು ದಾನಿಗೆ 23ರಿಂದ 35 ವರ್ಷ. ಜೀವನದಲ್ಲಿ ಒಮ್ಮೆ ಮಾತ್ರ ದಾನ, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಒಬ್ಬ ದಾನಿಯದನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವಂತಿಲ್ಲ. ಮಾರಾಟ ಅಪರಾಧ. ದಾನಿ ಬರಬೇಕಾದ್ದು ನೋಂದಾಯಿತ ಬ್ಯಾಂಕಿನ ಮೂಲಕ. ಆಸ್ಪತ್ರೆಯ ಕಾರಿಡಾರಿನಲ್ಲಿ ಫೋನ್ ನಂಬರ್ ಕೊಡುವ ಏಜೆಂಟನ ಮೂಲಕ ಅಲ್ಲ. ಭ್ರೂಣವನ್ನು ಇಡಬಹುದಾದ ಅವಧಿ ಹತ್ತು ವರ್ಷ. ಹೆಣ್ಣೋ ಗಂಡೋ ಎಂದು ಆರಿಸುವಂತಿಲ್ಲ; ಆರಿಸಿಕೊಡುತ್ತೇವೆಂದು ಜಾಹೀರಾತು ಮಾಡಿದರೆ ಐದರಿಂದ ಹತ್ತು ವರ್ಷ ಸೆರೆವಾಸದವರೆಗೆ ಶಿಕ್ಷೆಯಿದೆ.

ಹುಟ್ಟಿದ ಮಗು ಕಾನೂನಿನ ಕಣ್ಣಲ್ಲಿ ಆ ದಂಪತಿಯದೇ. ದಾನಿಗೆ ಹಕ್ಕಿಲ್ಲ, ಹೊಣೆಯೂ ಇಲ್ಲ. ಬಾಡಿಗೆ ತಾಯ್ತನ ಈಗ ಹಣಕ್ಕಾಗಿ ನಡೆಯುವಂತಿಲ್ಲ. ವೈದ್ಯಕೀಯ ವೆಚ್ಚ, ವಿಮೆ ಬಿಟ್ಟರೆ ಬೇರೇನೂ ಕೊಡುವಂತಿಲ್ಲ. ಒಂದು ಕಾಲಕ್ಕೆ ಹೊರದೇಶದವರು ಇದಕ್ಕಾಗಿಯೇ ಭಾರತಕ್ಕೆ ಬರುತ್ತಿದ್ದರು.

ಸಾಮಾನ್ಯ ದಂಪತಿಗೆ ಹೆಚ್ಚು ಉಪಯೋಗಕ್ಕೆ ಬರುವ ವಿಧಿ ಇನ್ನೊಂದು. ಕೇಂದ್ರವು ತನ್ನಲ್ಲಿನ ಯಶಸ್ಸಿನ ಸಾಧ್ಯತೆ, ವೆಚ್ಚ, ಅಡ್ಡಪರಿಣಾಮ, ಬಹುಗರ್ಭದ ಅಪಾಯ ಎಲ್ಲವನ್ನೂ ತಿಳಿಸಿ ಆಪ್ತಸಲಹೆ ಕೊಡಬೇಕು, ಲಿಖಿತ ಒಪ್ಪಿಗೆ ಪಡೆಯಬೇಕು, ದೂರು ಘಟಕ ಇಟ್ಟಿರಬೇಕು ಎನ್ನುತ್ತದೆ ಕಾಯ್ದೆ. ಹತ್ತಾರು ಪುಟದ ಇಂಗ್ಲಿಷ್ ನಮೂನೆಗೆ ಅಂಡಾಣು ತೆಗೆಯುವ ದಿನ ಬೆಳಿಗ್ಗೆ ಸಹಿ ಹಾಕಿಸಿಕೊಳ್ಳುವುದು ಈ ವಿಧಿಯ ಪಾಲನೆ ಅನ್ನಿಸುವುದಿಲ್ಲ. ಒಂದು ವಾರ ಮೊದಲೇ ನಮೂನೆ ಕೇಳಿ ಪಡೆಯಿರಿ. ಕನ್ನಡದಲ್ಲಿ ಕೊಡಿ, ಇಲ್ಲವೇ ಓದಿ ಹೇಳಿ ಎಂದು ಕೇಳುವುದರಲ್ಲಿ ಸಂಕೋಚವೇನಿದೆ?

ಕೇಂದ್ರದ ಆಯ್ಕೆ

ಎಲ್ಲಕ್ಕೂ ಮೊದಲು ನೋಂದಣಿ ಪತ್ರ ಮತ್ತು ಅದರ ಅವಧಿ ನೋಡಬೇಕು. ಆಮೇಲೆ ಲ್ಯಾಬಿನ ವಿಚಾರ. ಐವಿಎಫ್‌ನ ಅರ್ಧ ಭವಿಷ್ಯ ರೋಗಿ ನೋಡದ ಕೋಣೆಯಲ್ಲಿ, ರೋಗಿ ಮಾತಾಡದ ವ್ಯಕ್ತಿಯ ಕೈಯಲ್ಲಿರುತ್ತದೆ. ಆ ವ್ಯಕ್ತಿ ಎಂಬ್ರಿಯಾಲಜಿಸ್ಟ್. ಸಣ್ಣ ಊರಿನ ಕೆಲವು ಕೇಂದ್ರಗಳಲ್ಲಿ ಕಾಯಂ ಎಂಬ್ರಿಯಾಲಜಿಸ್ಟ್ ಇರುವುದಿಲ್ಲ. ನಗರದಿಂದ ತಿಂಗಳಿಗೊಮ್ಮೆ ಬರುತ್ತಾರೆ. ಅವರು ಬರುವ ದಿನಕ್ಕೆ ಹೊಂದುವಂತೆ ಹಲವು ಹೆಂಗಸರ ಮುಟ್ಟನ್ನು ಮಾತ್ರೆಯಿಂದ ಹಿಂದೆಮುಂದೆ ಮಾಡಿ, ಎಲ್ಲರ ಅಂಡಾಣುವನ್ನೂ ಒಟ್ಟಿಗೆ ತೆಗೆಯುತ್ತಾರೆ. ಇದಕ್ಕೆ ಬ್ಯಾಚ್ ಪದ್ಧತಿ ಎನ್ನುತ್ತಾರೆ. ಖರ್ಚು ಕಡಿಮೆಯಾಗಬಹುದು, ಆದರೆ ಐದು ದಿನ ಭ್ರೂಣ ಬೆಳೆಯುವಾಗ ನೋಡಿಕೊಳ್ಳುವವರು ಯಾರು, ಕರೆಂಟು ಹೋದರೆ ಏನು ವ್ಯವಸ್ಥೆ, ಡಬ್ಬಿಗಳ ಹೆಸರು ಅದಲುಬದಲಾಗದಂತೆ ಇಬ್ಬರು ಸೇರಿ ತಾಳೆ ನೋಡುತ್ತಾರೆಯೇ ಎಂದು ಕೇಳಲೇಬೇಕು. ಮೊದಲ ಭೇಟಿಯಲ್ಲಿ ಕಂಡ ಹೆಸರಾಂತ ವೈದ್ಯರೇ ಅಂಡಾಣು ತೆಗೆಯುವರೇ, ಭ್ರೂಣ ವರ್ಗಾವಣೆ ಮಾಡುವರೇ ಎಂಬುದನ್ನೂ ಕೇಳಬಹುದು.

ಮೊದಲ ಭೇಟಿಯಲ್ಲೇ ಐವಿಎಫ್ ಎಂದರೆ ಕೂಡಲೇ ಅನುಮಾನಪಡಬೇಕೆಂದಿಲ್ಲ. ಎರಡೂ ನಾಳ ಮುಚ್ಚಿದ್ದರೆ, ವೀರ್ಯಾಣು ಅತಿ ಕಡಿಮೆಯಿದ್ದರೆ, ವಯಸ್ಸು 38 ದಾಟಿದ್ದರೆ ಅದೇ ಸರಿಯಾದ ಸಲಹೆ. 27ರ ಹುಡುಗಿ, ಮದುವೆಯಾಗಿ ಹದಿನಾಲ್ಕು ತಿಂಗಳು, ಗಂಡನ ಪರೀಕ್ಷೆಯೇ ಆಗಿಲ್ಲ, ಅಷ್ಟರಲ್ಲೇ ‘ಈ ತಿಂಗಳ ಆಫರ್’ ಎಂದು ಕೌಂಟರಿನವರು ಮುಂಗಡ ಕೇಳಿದರೆ ಎದ್ದು ಬರಬಹುದು. ವೈದ್ಯರಿಗಿಂತ ಹೆಚ್ಚು ಹೊತ್ತು ಮಾತಾಡುವವರು ಮಾರಾಟದ ಸಿಬ್ಬಂದಿಯಾಗಿದ್ದರೆ ಆಗಲೂ ಅದೇ ಮಾತು.

ಅಂದಾಜು ವೆಚ್ಚವನ್ನು ಬಾಬತ್ತುವಾರು ಬರೆಸಿಕೊಳ್ಳಬೇಕು. ಅಂಡಾಣು ಬೆಳೆಯದೆ ಆವರ್ತ ನಡುವೆ ನಿಂತರೆ ಎಷ್ಟು ಹಣ ವಾಪಸು, ಭ್ರೂಣ ಶೇಖರಣೆಗೆ ವರ್ಷಕ್ಕೆಷ್ಟು, ಬೇರೆ ಆಸ್ಪತ್ರೆಗೆ ಸಾಗಿಸುವ ನಿಯಮವೇನು ಎಂಬುದೂ ಆ ಹಾಳೆಯಲ್ಲಿರಲಿ. ದರಪಟ್ಟಿಯನ್ನು ಕಾಣುವಂತೆ ಹಾಕಬೇಕೆಂಬುದು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯ ನಿಯಮ. ಪ್ರತಿ ಆವರ್ತ ಮುಗಿದ ಮೇಲೆ ಕೊಟ್ಟ ಔಷಧದ ಪ್ರಮಾಣ, ಸಿಕ್ಕ ಅಂಡಾಣು, ಭ್ರೂಣದ ದರ್ಜೆ ಇರುವ ಸಾರಾಂಶ ಪಡೆಯಬೇಕು. ಅದಿಲ್ಲದೆ ಎರಡನೆಯ ವೈದ್ಯರ ಬಳಿ ಹೋದರೆ ಅವರೂ ಕತ್ತಲಲ್ಲಿ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ಎರಡು-ಮೂರು ಆವರ್ತ ಸೋತ ಮೇಲೆ ಅದೇ ಔಷಧ, ಅದೇ ಕ್ರಮವನ್ನು ಮತ್ತೆ ಹೇಳುವ ಕೇಂದ್ರವನ್ನು ಬದಲಿಸುವುದು ವಿವೇಕ. ನಿಲ್ಲಿಸುವುದೂ ಒಂದು ಆಯ್ಕೆಯೇ. ಎಷ್ಟು ಆವರ್ತ, ಎಷ್ಟು ಹಣ ಎಂಬ ಮಿತಿಯನ್ನು ಗಂಡಹೆಂಡತಿ ಶುರುವಿನಲ್ಲೇ ಮಾತಾಡಿಕೊಂಡಿದ್ದರೆ ಒಡವೆ ಅಡವಿಟ್ಟು ಐದನೆಯದಕ್ಕೆ ಹೋಗುವ ಒತ್ತಡ ಕಡಿಮೆಯಿರುತ್ತದೆ. ದತ್ತು ಪಡೆಯುವ ಯೋಚನೆ ಇದ್ದವರು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ ಜಾಲತಾಣದಲ್ಲಿ ಮಾತ್ರ ನೋಂದಾಯಿಸಬೇಕು. ಅಲ್ಲಿ ಸರದಿ ವರ್ಷಗಟ್ಟಲೆ ಇರುವುದರಿಂದ ಬೇಗ ಹೆಸರು ಹಚ್ಚುವುದು ಮೇಲು.

ತಕರಾರಿದ್ದರೆ ಮೊದಲು ಕೇಂದ್ರದ ದೂರು ಘಟಕಕ್ಕೆ, ನಂತರ ಕಾಯ್ದೆಯಡಿ ರಾಜ್ಯ ನೇಮಿಸಿದ ಪ್ರಾಧಿಕಾರಕ್ಕೆ ಬರೆಯಬಹುದು. ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ಕೊಟ್ಟಿರುವುದರಿಂದ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ಗರ್ಭ ನಿಲ್ಲಲಿಲ್ಲ ಎಂಬುದಷ್ಟೇ ಅಲ್ಲಿ ದೂರಾಗುವುದಿಲ್ಲ; ನಿರ್ಲಕ್ಷ್ಯ, ಸುಳ್ಳು ಭರವಸೆ, ಒಪ್ಪಿಗೆಯಿಲ್ಲದ ಚಿಕಿತ್ಸೆ, ಹೇಳದೆ ಹಾಕಿದ ಬಿಲ್ಲು ಇವುಗಳಲ್ಲಿ ಒಂದನ್ನು ತೋರಿಸಿಕೊಡಬೇಕು. ಅದಕ್ಕೆ ರಸೀದಿ, ವರದಿ, ಅಂದಾಜು ಪಟ್ಟಿ, ಸಹಿ ಮಾಡಿದ ನಮೂನೆಯ ಪ್ರತಿ ಬೇಕು. ಮೊದಲ ಭೇಟಿಯ ದಿನದಿಂದಲೇ ಇವನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ.